ಟಿ.ಬಿ. ಅನ್ನುವ ಮೊದಲು ಕರಿಚುಕ್ಕೆ ಹುಡುಕಿ

ಮಲೆನಾಡಿನಲ್ಲಿ ಬರಿಗಾಲಲ್ಲಿ ತೋಟದ ಕೆಲಸ ಮಾಡುವವರ ಪಾದದ ಮೇಲೆ ನರಹುಲಿಯಂಥ ಒರಟು ಗಂಟು ವರ್ಷಗಟ್ಟಲೆ ಹಬ್ಬುತ್ತಿದ್ದರೆ, ನನಗೆ ಮೊದಲು ಹೊಳೆಯುವುದು ಕ್ರೋಮೋಬ್ಲಾಸ್ಟೋಮೈಕೋಸಿಸ್ ಎಂಬ ಶಿಲೀಂಧ್ರ ಸೋಂಕು. ಚರ್ಮದ ಟಿ.ಬಿ.ಯೂ ನೋಡಲು ಹೀಗೇ ಇರುತ್ತದೆ. ಬಯಾಪ್ಸಿ ಮಾಡಿದರೆ, ಅಂದರೆ ಗಂಟಿನ ತುಂಡು ತೆಗೆದು ಪರೀಕ್ಷಿಸಿದರೆ, ಎರಡರಲ್ಲೂ ಗ್ರ್ಯಾನುಲೋಮಾ (ರೋಗನಿರೋಧಕ ಕೋಶಗಳ ಗುಂಪು) ಕಾಣುತ್ತದೆ. ಅಷ್ಟನ್ನೇ ನಂಬಿದರೆ ದಾರಿ ತಪ್ಪುತ್ತದೆ.

ಅಡಿಕೆ ತೋಟದ ಕೆಲಸಗಾರರೊಬ್ಬರು ಬೇರೆಡೆ ಟಿ.ಬಿ. ಮಾತ್ರೆಯನ್ನು ಪೂರ್ತಿ 6 ತಿಂಗಳು ನುಂಗಿ ಬಂದಿದ್ದರು. ಗಂಟು ಕುಗ್ಗಿರಲಿಲ್ಲ. ಈ ಶಿಲೀಂಧ್ರ ಒಳಹೊಗುವುದು ಸಣ್ಣಪುಟ್ಟ ಗಾಯದ ಮೂಲಕ, ಹಾಗಾಗಿ ಮುಳ್ಳು ಚುಚ್ಚಿದ್ದು ನೆನಪಿದೆಯಾ ಎಂದು ಕೇಳಿದೆ. "ತೋಟದಲ್ಲಿ ಮುಳ್ಳು ಚುಚ್ಚೋದನ್ನ ಯಾರು ನೆನಪಿಟ್ಕೋತಾರೆ ಡಾಕ್ಟ್ರೇ?" ಅಂದರು. ನಿಜ. ಗಾಯದ ನೆನಪಿಲ್ಲ ಎಂಬ ಕಾರಣಕ್ಕೆ ಈ ರೋಗವನ್ನು ಕೈಬಿಡಬಾರದು.

ಭೂತಗನ್ನಡಿ ಹಿಡಿದು ನೋಡಿದರೆ ಗಂಟಿನ ಮೇಲೆ ಎಳ್ಳಿಗಿಂತ ಸಣ್ಣ ಕರಿಚುಕ್ಕೆಗಳು. ಚರ್ಮ ಒಳಗಿನ ಶಿಲೀಂಧ್ರವನ್ನು ಹೊರಗೆ ತಳ್ಳುವ ಜಾಗ ಅದೇ. ಆದ್ದರಿಂದ ಎಲ್ಲೆಂದರಲ್ಲಿ ಕೆರೆಯದೆ, ಬ್ಲೇಡಿನಿಂದ ಆ ಚುಕ್ಕೆಗಳನ್ನೇ ಕೆರೆದು ಸ್ಲೈಡಿಗೆ ಹಾಕಿದೆ. ಮೇಲೆ ಒಂದು ಹನಿ 10% ಪೊಟ್ಯಾಸಿಯಂ ಹೈಡ್ರಾಕ್ಸೈಡ್, ಕವರ್‌ಸ್ಲಿಪ್, ಅರ್ಧ ಗಂಟೆ ಕಾಯುವಿಕೆ. ಬಣ್ಣ ಹಾಕುವ ಅಗತ್ಯವೇ ಇಲ್ಲ, ಮೆಲನಿನ್ ಎಂಬ ಗಾಢ ವರ್ಣದ್ರವ್ಯ ಇರುವುದರಿಂದ ಈ ಶಿಲೀಂಧ್ರ ತಾನೇ ಕಂದು. 40ರ ಲೆನ್ಸಿನಲ್ಲಿ ದಪ್ಪ ಗೋಡೆಯ, ನಡುವೆ ಅಡ್ಡಗೆರೆ ಬಿದ್ದ ದುಂಡು ಕೋಶಗಳು ಗುಂಪಾಗಿ ಕಂಡವು. ಇವೇ ಸ್ಕ್ಲೆರೋಟಿಕ್ ಕೋಶಗಳು, ಟಿ.ಬಿ.ಯಲ್ಲಿ ಇವು ಇರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಕಡೆಗಣನೆಗೆ ಒಳಗಾದ ಉಷ್ಣವಲಯದ ರೋಗಗಳ ಪಟ್ಟಿಗೆ ಸೇರಿಸಿದ ಕಾಯಿಲೆಯನ್ನು ತಾಲ್ಲೂಕು ಆಸ್ಪತ್ರೆಯ ಮೈಕ್ರೋಸ್ಕೋಪಿನಲ್ಲೇ ಹಿಡಿಯಬಹುದು ಎಂಬುದನ್ನು ಎಷ್ಟು ಸಲ ಹೇಳಿದರೂ ನನಗೆ ಸಾಲದು.

ಸ್ಲೈಡಿನಲ್ಲಿ ಏನೂ ಕಾಣದಿದ್ದರೆ ಮತ್ತೆ ಕೆರೆಯುತ್ತೇನೆ. ಬಯಾಪ್ಸಿಯನ್ನಂತೂ ಹೇಗೂ ಮಾಡುತ್ತೇನೆ, ಏಕೆಂದರೆ ಹಳೆಯ ಗಂಟುಗಳಲ್ಲಿ ಕ್ಯಾನ್ಸರ್ ಹುಟ್ಟುವುದುಂಟು. ಆಗ ಎರಡು ತುಂಡು ಬೇಕು: ಒಂದು ಅಂಗಾಂಶ ಕೆಡದಂತೆ ಇಡುವ ಫಾರ್ಮಲಿನ್‌ಗೆ, ಇನ್ನೊಂದು ಶುದ್ಧ ಸಲೈನ್‌ಗೆ. ಎರಡನ್ನೂ ಫಾರ್ಮಲಿನ್‌ಗೆ ಹಾಕಿದರೆ ಶಿಲೀಂಧ್ರ ಸತ್ತು ಕಲ್ಚರ್‌ನಲ್ಲಿ (ಲ್ಯಾಬಿನ ತಟ್ಟೆಯಲ್ಲಿ ಜೀವಿಯನ್ನು ಬೆಳೆಸಿ ನೋಡುವ ಪರೀಕ್ಷೆ) ಏನೂ ಬೆಳೆಯುವುದಿಲ್ಲ. ಚೀಟಿಯಲ್ಲಿ "ಶಿಲೀಂಧ್ರದ ಅನುಮಾನ, 4ರಿಂದ 6 ವಾರ ಇಡಿ" ಎಂದು ಬರೆಯುತ್ತೇನೆ. ಬರೆಯದಿದ್ದರೆ ನಿಧಾನವಾಗಿ ಬೆಳೆಯುವ ಈ ಜೀವಿ ತಲೆ ಎತ್ತುವ ಮೊದಲೇ ತಟ್ಟೆ ಕಸಕ್ಕೆ ಹೋಗುತ್ತದೆ.

ಆ ತೋಟದವರಿಗೆ ಕಲ್ಚರ್‌ಗೆ ಕಾಯದೆ ಇಟ್ರಕೊನಜೋಲ್ ಎಂಬ ಶಿಲೀಂಧ್ರನಾಶಕ ಮಾತ್ರೆ ಶುರುಮಾಡಿದೆ. ತಿಂಗಳುಗಟ್ಟಲೆ ನುಂಗಬೇಕಾದ ಔಷಧ ಇದು, ನಡುನಡುವೆ ಲಿವರ್ ಪರೀಕ್ಷೆ ಆಗಲೇಬೇಕು ಎಂದು ಅವರ ಮಗನನ್ನೂ ಕೂರಿಸಿಕೊಂಡು ಹೇಳಿದೆ.