ಮನೆ ಹರಾಜಾದ ಮೇಲೂ ಗೃಹಸಾಲ ಸಿಕ್ಕಿದ್ದು ಹೀಗೆ

ಮನೆ ಹರಾಜಾದರೆ ಸಾಲವೂ ತೀರಿತು ಅಂತ ಬಹಳ ಜನ ಅಂದುಕೊಂಡಿರುತ್ತಾರೆ. ತೀರುವುದಿಲ್ಲ. ಮೈಸೂರಿನ ಬೋಗಾದಿ ಕಡೆಯ ನಮ್ಮ ಮನೆ ಹರಾಜಿನಲ್ಲಿ ಹೋದಾಗ ಬಂದ ದುಡ್ಡು ಅಸಲು, ಬಡ್ಡಿ, ಬ್ಯಾಂಕಿನ ಖರ್ಚು ಎಲ್ಲಕ್ಕೂ ಸಾಲಲಿಲ್ಲ. ಉಳಿದ ಬಾಕಿ ನನ್ನ ಹೆಸರಿನಲ್ಲೇ ನಿಂತಿತು.

ನನ್ನದು ಟೆಂಪೋ ಟ್ರಾವೆಲರ್‌ನಲ್ಲಿ ಪ್ರವಾಸಿಗರನ್ನು ಸುತ್ತಾಡಿಸುವ ಕಸುಬು. 2020ರ ಮಾರ್ಚಿನಲ್ಲಿ ಅರಮನೆ, ಮೃಗಾಲಯ ಎಲ್ಲಾ ಬಾಗಿಲು ಹಾಕಿದವು. ಆಗಸ್ಟ್‌ವರೆಗೆ ಕಂತು ಮುಂದೂಡುವ ಅವಕಾಶ ಇತ್ತು; ಆಮೇಲೆ ಚೇತರಿಸಿಕೊಳ್ಳುವಷ್ಟರಲ್ಲಿ ಎರಡನೇ ಅಲೆ. ಕಂತು 90 ದಿನ ಮೀರಿ ನಿಂತರೆ ಖಾತೆ ಎನ್‌ಪಿಎ, ಅಂದರೆ ಕೆಟ್ಟ ಸಾಲ. ಅಲ್ಲಿಂದ, ಅಡವಿಟ್ಟ ಆಸ್ತಿಯನ್ನು ಕೋರ್ಟಿಗೆ ಹೋಗದೆಯೇ ಬ್ಯಾಂಕು ವಶಕ್ಕೆ ಪಡೆಯಬಹುದಾದ ಸರ್ಫೇಸಿ ಕಾಯ್ದೆಯ 60 ದಿನದ ನೋಟಿಸು, ಬಾಗಿಲಿಗೆ ಸ್ವಾಧೀನದ ಚೀಟಿ, ಪೇಪರಿನಲ್ಲಿ ಹೆಸರು. ಅದನ್ನು ಹೆಚ್ಚು ಹೇಳಲಾರೆ.

ಬಾಕಿಗೆ ಬ್ಯಾಂಕಿನವರು ಎರಡು ದಾರಿ ಕೊಟ್ಟರು. ಒಂದು, ಅರ್ಧಕ್ಕೆ ರಾಜಿ, ಅವರ ಭಾಷೆಯಲ್ಲಿ ಒಟಿಎಸ್ (ಒನ್ ಟೈಮ್ ಸೆಟಲ್‌ಮೆಂಟ್). ಇನ್ನೊಂದು, ಪೂರ್ತಿ ಕಟ್ಟುವುದು. ನೆಂಟರೆಲ್ಲ ಅರ್ಧಕ್ಕೆ ಮುಗಿಸು ಅಂದರು. ನಾನು ಒಂದು ಗಾಡಿ ಮಾರಿ, ಉಳಿದದ್ದನ್ನು ಕಂತಿನಲ್ಲಿ ಪೂರ್ತಿ ಕಟ್ಟಿದೆ. ರಾಜಿ ಮಾಡಿಕೊಂಡರೆ ಸಿಬಿಲ್‌ನಲ್ಲಿ, ಅಂದರೆ ಯಾರು ಸಾಲ ಹೇಗೆ ಕಟ್ಟಿದರು ಅಂತ ವರದಿ ಮತ್ತು ಸ್ಕೋರು ಕೊಡುವ ಕಂಪನಿಯ ದಾಖಲೆಯಲ್ಲಿ, ಆ ಸಾಲದ ಮುಂದೆ 'ಸೆಟಲ್ಡ್' ಅಂತ ಬೀಳುತ್ತದೆ. ಪೂರ್ತಿ ಕಟ್ಟಿದರೆ 'ಕ್ಲೋಸ್ಡ್'. ಗೃಹಸಾಲ ಕೊಡುವವರು ಸ್ಕೋರಿನ ಜೊತೆ ಇದನ್ನೂ ನೋಡುತ್ತಾರೆ. ಇನ್ನು ಮನೆ ಕೊಳ್ಳುವ ಯೋಚನೆಯೇ ಇಲ್ಲದವರಿಗೆ ರಾಜಿಯೇ ವಾಸಿ ಇರಬಹುದು. ನಮಗೆ ಆ ಯೋಚನೆ ಇತ್ತು.

ಬಾಕಿ ಏನೂ ಇಲ್ಲ ಅನ್ನುವ ನೋ ಡ್ಯೂ ಪತ್ರ ಕೈಗೆ ಬಂದರೂ ವರದಿಯಲ್ಲಿ ಬಾಕಿ ಹಾಗೇ ತೋರಿಸುತ್ತಿತ್ತು. ನನ್ನದರಲ್ಲಿ ಮಾತ್ರ ಅಲ್ಲ, ಸಹ ಸಾಲಗಾರಳಾದ ಹೆಂಡತಿಯದರಲ್ಲಿ, ಜಾಮೀನು ಹಾಕಿದ್ದ ಭಾವನದರಲ್ಲಿ ಕೂಡ. ಭಾವನ ಮುಖ ನೋಡುವುದಕ್ಕೇ ಕಷ್ಟವಾಗಿತ್ತು. ಸಿಬಿಲ್ ಒಂದೇ ಅಲ್ಲ. ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈಮಾರ್ಕ್ ಅಂತ ಒಟ್ಟು ನಾಲ್ಕು ಕಂಪನಿಗಳಿವೆ, ವರ್ಷಕ್ಕೊಂದು ವರದಿ ಪುಕ್ಕಟೆ ಕೊಡಬೇಕು. ನಾಲ್ಕನ್ನೂ ತೆಗೆಸಿ, ಪತ್ರ ಲಗತ್ತಿಸಿ ದೂರು ಹಾಕಿದೆ. 30 ದಿನದೊಳಗೆ ಸರಿಪಡಿಸದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಅಂತ ರಿಸರ್ವ್ ಬ್ಯಾಂಕ್ ನಿಯಮವಿದೆ, 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಅದನ್ನು ದೂರಿನಲ್ಲೇ ಬರೆದೆ. ಕೆಲಸ ಚುರುಕಾಯಿತು.

ಸ್ಕೋರು ಏರಲು ಎಫ್‌ಡಿ ಇಟ್ಟು ಅದರ ಮೇಲೆ ಕ್ರೆಡಿಟ್ ಕಾರ್ಡ್ ತಗೊಂಡೆ. ಡೀಸೆಲ್ಲಿಗೆ ಮಾತ್ರ ಉಜ್ಜಿ, ಬಿಲ್ಲು ಬಂದ ದಿನವೇ ಕಟ್ಟುತ್ತಿದ್ದೆ. ಮೂರು ವರ್ಷದ ಆದಾಯ ತೆರಿಗೆ ರಿಟರ್ನ್ಸ್ ತಪ್ಪದೆ ಸಲ್ಲಿಸಿದೆ. ದಸರಾ ಸೀಸನ್ನಿನ ದುಡ್ಡನ್ನೂ ನಗದಿನಲ್ಲಿ ಇಟ್ಟುಕೊಳ್ಳದೆ ಖಾತೆಗೇ ಹಾಕಿದೆ. ನಮ್ಮಂಥವರಿಗೆ ಸಂಬಳದ ಚೀಟಿ ಅಂದರೆ ಅದೇ.

ಹಳೇ ಬ್ಯಾಂಕಿನ ಕಡೆ ತಿರುಗಿ ನೋಡಲಿಲ್ಲ. ಸಿಬಿಲ್ ಮರೆತರೂ ಅವರ ಒಳಗಿನ ದಾಖಲೆ ಮರೆಯುವುದಿಲ್ಲ. ಕಂಡಕಂಡಲ್ಲಿ ಅರ್ಜಿ ಹಾಕಲೂ ಇಲ್ಲ, ಪ್ರತಿ ಅರ್ಜಿಯೂ ವರದಿಯಲ್ಲಿ ಕೂರುತ್ತದೆ. ಒಂದು ಗೃಹಸಾಲ ಕಂಪನಿಗೆ ಹೋಗಿ, ಫಾರಂ ತುಂಬುವ ಮೊದಲೇ ಮ್ಯಾನೇಜರಿಗೆ, "ಸಾರ್, ನನ್ನ ಸಿಬಿಲ್ ತೆಗೆಯೋಕ್ ಮುಂಚೆ ಒಂದ್ ವಿಷ್ಯ ಹೇಳ್ಬೇಕು" ಅಂದೆ. ಹರಾಜಿನ ಕಾಗದ, ನೋ ಡ್ಯೂ ಪತ್ರ, ರಿಟರ್ನ್ಸ್ ವರಸೆಯಾಗಿ ಮೇಜಿನ ಮೇಲಿಟ್ಟೆ. ಅವರು ಓದಿ, "ಇದನ್ನ ನೀವೇ ಹೇಳಿದ್ದು ಒಳ್ಳೇದಾಯ್ತು ಬಿಡಿ" ಅಂದರು.

30 ಲಕ್ಷದವರೆಗಿನ ಸಾಲಕ್ಕೆ ಮನೆಯ ಬೆಲೆಯ ಶೇ. 90ರವರೆಗೆ ಕೊಡಲು ನಿಯಮದಲ್ಲಿ ಅವಕಾಶವಿದೆ. ನನಗೆ ಸಿಕ್ಕಿದ್ದು ಶೇ. 65, ಬಡ್ಡಿಯೂ ಬೇರೆಯವರಿಗಿಂತ ಜಾಸ್ತಿ. ಉಳಿದದ್ದಕ್ಕೆ ಉಳಿತಾಯ, ಹೆಂಡತಿಯ ಚೀಟಿ ದುಡ್ಡು ಸೇರಿತು. ಶ್ರೀರಾಂಪುರದಲ್ಲಿ 20×30ರ ಮನೆ, ಎ ಖಾತಾ, ಅಂದರೆ ದಾಖಲೆ ಸರಿಯಿರುವ ಆಸ್ತಿ. ಬಿ ಖಾತಾದ್ದು ಅಗ್ಗಕ್ಕಿತ್ತು, ಆದರೆ ನನ್ನಂಥ ದಾಖಲೆಯವನಿಗೆ ಅದರ ಮೇಲೆ ಸಾಲ ಹುಟ್ಟುತ್ತಿರಲಿಲ್ಲ.

ಬಡ್ಡಿ ಬದಲಾಗುವ ಸಾಲವನ್ನೇ ಕೇಳಿ ತಗೊಂಡಿದ್ದೇನೆ. ವ್ಯಕ್ತಿಯ ಹೆಸರಿನ ಇಂಥ ಗೃಹಸಾಲವನ್ನು ಅವಧಿಗೆ ಮುಂಚೆ ತೀರಿಸಿದರೆ ದಂಡ ಹಾಕುವಂತಿಲ್ಲ. ಎರಡು ವರ್ಷ ಕಂತು ಸರಿಯಾಗಿ ಹೋದರೆ ಕಡಿಮೆ ಬಡ್ಡಿಯ ಬ್ಯಾಂಕಿಗೆ ವರ್ಗಾಯಿಸುವ ಲೆಕ್ಕಾಚಾರ ಇದೆ.