ಇಪ್ಪತ್ತು ದಾಟಿದ ಲಕ್ಷುರಿ ಕಾರಿನ ರಿಪೇರಿ: ನಾನು ಮಾಡಿಕೊಳ್ಳುವ ಬಗೆ

ಹಳೆಯ ಲಕ್ಷುರಿ ಕಾರು ಅಂದ ಕೂಡಲೇ ಎಲ್ಲರೂ ಹೆದರುವುದು ಇಂಜಿನ್ನಿಗೆ. ನಾನು ಇಪ್ಪತ್ತು ವರ್ಷ ದಾಟಿದ ಆರು ಸಿಲಿಂಡರಿನ ಜರ್ಮನ್ ಸೆಡಾನ್ ಒಂದನ್ನು ಬಹಳ ಕಾಲದಿಂದ ನಾನೇ ನೋಡಿಕೊಳ್ಳುತ್ತಿದ್ದೇನೆ. ಕ್ರ್ಯಾಂಕು, ಪಿಸ್ಟನ್ನು, ಗೇರುಗಳು ತಮ್ಮ ಪಾಡಿಗೆ ತಾವಿವೆ. ಕಾಟ ಕೊಟ್ಟಿದ್ದೆಲ್ಲ ರಬ್ಬರು, ಪ್ಲಾಸ್ಟಿಕ್ಕು, ವೈರಿನ ಮೇಲಿನ ಹೊದಿಕೆ. ಇವು ಎಷ್ಟು ಓಡಿಸಿದ್ದೀರಿ ಅಂತ ಕೇಳುವುದಿಲ್ಲ, ವಯಸ್ಸಾದಂತೆ ಹಾಳಾಗುತ್ತವೆ. ನಿಂತೇ ಇದ್ದ ಕಾರಿನಲ್ಲೂ ಹೋಸ್ ಪೈಪು ಬಿರಿಯುತ್ತದೆ. ಆದ್ದರಿಂದ ಮೀಟರಿನಲ್ಲಿ ಕಡಿಮೆ ಕಿಲೋಮೀಟರ್ ಇದೆ ಅಂತ ಸಿಕ್ಕಿದ ಕಾರಿನಲ್ಲಿ ಕೆಲಸ ಕಡಿಮೆ ಇರುತ್ತದೆ ಅಂದುಕೊಳ್ಳಬೇಡಿ, ಕೆಲವೊಮ್ಮೆ ಜಾಸ್ತಿಯೇ ಇರುತ್ತದೆ.

ಇದಕ್ಕೆ ಒಳ್ಳೆಯ ಉದಾಹರಣೆ 1990ರ ದಶಕದ ಮೊದಲರ್ಧದ ಕೆಲವು ಮರ್ಸಿಡಿಸ್ ಕಾರುಗಳು. ಡಬ್ಲ್ಯು124 ಮಾದರಿಯ ಕೊನೆಯ ವರ್ಷದ ಕಾರುಗಳೂ ಅದರಲ್ಲಿ ಸೇರಿವೆ. ಇಂಜಿನ್ ಲಕ್ಷಗಟ್ಟಲೆ ಕಿಲೋಮೀಟರ್ ಓಡುತ್ತದೆ, ಆದರೆ ಇಂಜಿನ್ನಿನ ವೈರಿಂಗ್ ಮೇಲಿನ ಹೊದಿಕೆ ಬಿಸಿಗೆ ಒಣಗಿ ಪುಡಿಪುಡಿಯಾಗಿ ಉದುರುತ್ತದೆ. ಆಮೇಲೆ ಒಂದು ದಿನ ಮಿಸ್‌ಫೈರ್, ಇನ್ನೊಂದು ದಿನ ಸ್ಟಾರ್ಟೇ ಆಗಲ್ಲ. ಕಂಪ್ಯೂಟರ್ ಬದಲಿಸಿದರೂ ಸರಿಹೋಗಲ್ಲ, ಯಾಕೆಂದರೆ ತೊಂದರೆ ಇರುವುದು ವೈರಿನಲ್ಲಿ.

ನಾನು ಮೊದಲು ಕೈ ಹಾಕುವುದು ಕೂಲಿಂಗ್ ಸಿಸ್ಟಮ್ಮಿಗೆ, ಕಾರು ಚೆನ್ನಾಗಿ ಓಡುತ್ತಿದ್ದರೂ ಸರಿ. ರೇಡಿಯೇಟರಿನ ಎರಡು ಬದಿಯ ಟ್ಯಾಂಕು, ಎಕ್ಸ್‌ಪ್ಯಾನ್ಶನ್ ಟ್ಯಾಂಕು (ಕಾದು ಹಿಗ್ಗಿದ ಕೂಲೆಂಟ್ ಸೇರುವ ಡಬ್ಬಿ), ಥರ್ಮೋಸ್ಟಾಟ್ ಹೌಸಿಂಗ್, ಕೆಲವು ಕಾರುಗಳಲ್ಲಿ ವಾಟರ್ ಪಂಪಿನ ಒಳಗಿನ ಫ್ಯಾನು ಕೂಡ ಪ್ಲಾಸ್ಟಿಕ್. ದಿನಾ ಕಾದು ದಿನಾ ತಣ್ಣಗಾಗಿ ಆ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ, ಚೆನ್ನಾಗಿ ಕರಿದ ಹಪ್ಪಳದ ಹಾಗೆ ಆಗಿರುತ್ತದೆ. ಹೋಸ್ ಪೈಪನ್ನು ಸ್ವಲ್ಪ ಅಲುಗಾಡಿಸಿದರೆ ಅದರ ಮೂತಿಯೇ ಮುರಿದು ಕೈಗೆ ಬರುತ್ತದೆ. ಹಾಗಾಗಿ ಒಂದೊಂದೇ ಭಾಗ ಕೆಟ್ಟ ಹಾಗೆ ಬದಲಿಸುತ್ತಾ ಹೋಗುವುದಿಲ್ಲ, ಪೂರ್ತಿ ಸೆಟ್ ಒಟ್ಟಿಗೆ ಹಾಕುತ್ತೇನೆ: ರೇಡಿಯೇಟರ್, ಟ್ಯಾಂಕು, ಅದರ ಮುಚ್ಚಳ, ಪಂಪು, ಥರ್ಮೋಸ್ಟಾಟ್, ಎಲ್ಲ ಪೈಪುಗಳು, ಬೆಲ್ಟು. ಹೇಗೂ ಎಲ್ಲದಕ್ಕೂ ಕೂಲೆಂಟ್ ಇಳಿಸಲೇಬೇಕು, ಫ್ಯಾನ್ ಬಿಚ್ಚಲೇಬೇಕು. ಆ ಕೆಲಸ ಎರಡೆರಡು ಸಲ ಯಾಕೆ?

ಮುಚ್ಚಳವನ್ನು ಎಲ್ಲರೂ ಮರೆಯುತ್ತಾರೆ. ಕೂಲೆಂಟ್ ಮತ್ತು ನೀರು ಅರ್ಧರ್ಧ ಸೇರಿಸಿದ ಮಿಶ್ರಣ ಮಾಮೂಲಿ ಒತ್ತಡದಲ್ಲಿ ಸುಮಾರು 107 ಡಿಗ್ರಿಗೆ ಕುದಿಯುತ್ತದೆ. ಸಿಸ್ಟಮ್ಮಿನಲ್ಲಿ ಅದಕ್ಕಿಂತ 1 ಬಾರ್ ಹೆಚ್ಚು ಒತ್ತಡ ನಿಂತರೆ 125 ಡಿಗ್ರಿ ದಾಟಿದರೂ ಕುದಿಯುವುದಿಲ್ಲ. ಆ ಒತ್ತಡ ಹಿಡಿದಿಡುವುದು ಮುಚ್ಚಳದೊಳಗಿನ ಸಣ್ಣ ಸ್ಪ್ರಿಂಗು ಮತ್ತು ರಬ್ಬರ್ ರಿಂಗು. ಅದು ಸೋತರೆ ಉಳಿದದ್ದೆಲ್ಲ ಹೊಸದಾಗಿದ್ದರೂ ಟ್ರಾಫಿಕ್ಕಿನಲ್ಲಿ ಕುದಿಯುತ್ತದೆ. ಇದೇ ಕಾರಣಕ್ಕೆ ಬಿಸಿ ಇಂಜಿನ್ನಿನ ಮುಚ್ಚಳ ತೆಗೆಯಲೇಬಾರದು. ಒತ್ತಡ ಬಿಟ್ಟ ಕ್ಷಣವೇ ಒಳಗಿದ್ದದ್ದು ಕುದಿದು ಮುಖಕ್ಕೆ ಹಾರುತ್ತದೆ.

ತುಂಬುವಾಗ ಗಾಳಿ ತೆಗೆಯುವುದು ಮುಖ್ಯ. ನಾನು ಮಾಡುವುದು ಹೀಗೆ. ಇಂಜಿನ್ ತಣ್ಣಗಿರಬೇಕು. ಇಗ್ನಿಷನ್ ಆನ್ ಮಾಡಿ, ಇಂಜಿನ್ ಸ್ಟಾರ್ಟ್ ಮಾಡದೆ, ಹೀಟರನ್ನು ಪೂರ್ತಿ ಬಿಸಿಗೆ ಇಟ್ಟು, ಫ್ಯಾನನ್ನು ಕಡಿಮೆ ಸ್ಪೀಡಿಗೆ ಇಡುತ್ತೇನೆ. ಆಗ ಹೀಟರಿಗೆ ಹೋಗುವ ವಾಲ್ವ್ ತೆರೆದಿರುತ್ತದೆ. ಗಾಳಿ ಬಿಡುವ ಬ್ಲೀಡ್ ಸ್ಕ್ರೂ ಸಡಿಲಿಸಿ ನಿಧಾನವಾಗಿ ಸುರಿಯುತ್ತಾ ಹೋಗುವುದು, ಸ್ಕ್ರೂ ಬಳಿ ಗುಳ್ಳೆ ನಿಂತು ಬರೀ ಕೂಲೆಂಟ್ ಬರುವ ತನಕ. ಆ ಸ್ಕ್ರೂ ಕೂಡ ಪ್ಲಾಸ್ಟಿಕ್ಕೇ, ಬೆರಳಿನ ಬಲ ಸಾಕು. ನೀರು ಡಿಸ್ಟಿಲ್ಡ್ ಆಗಿರಲಿ. ಕೂಲೆಂಟಿನ ಬಣ್ಣ ನೋಡಿ ತರಬೇಡಿ, ಯಾವ ಬಣ್ಣ ಹಾಕಬೇಕು ಅನ್ನುವುದು ತಯಾರಿಸುವವರ ಇಷ್ಟ. ಮ್ಯಾನ್ಯುಯಲ್‌ನಲ್ಲಿ ಹೇಳಿರುವ ದರ್ಜೆ ನೋಡಿ ತನ್ನಿ.

ಇನ್ನೊಂದು ವಿಷಯ: ಡ್ಯಾಶ್‌ಬೋರ್ಡಿನ ಟೆಂಪರೇಚರ್ ಮುಳ್ಳನ್ನು ನಂಬಬೇಡಿ. ಈ ಕಾಲದ ತುಂಬಾ ಕಾರುಗಳಲ್ಲಿ ಮುಳ್ಳು ನಡುವೆ ನಿಲ್ಲುವ ಹಾಗೆ ಬೇಕೆಂದೇ ಮಾಡಿರುತ್ತಾರೆ, ಗ್ರಾಹಕ ಗಾಬರಿಯಾಗಬಾರದು ಅಂತ. ಮುಳ್ಳು ಮೇಲೇರುವಷ್ಟರಲ್ಲಿ ಅಲ್ಯೂಮಿನಿಯಂ ಸಿಲಿಂಡರ್ ಹೆಡ್ಡು ಬಾಗುವ ಅಪಾಯ ಶುರುವಾಗಿರುತ್ತದೆ. ನಾನು ಸ್ಕ್ಯಾನರ್ (ಕಾರಿನ ಕಂಪ್ಯೂಟರ್ ಓದುವ ಉಪಕರಣ) ಹಾಕಿ ನಿಜವಾದ ಡಿಗ್ರಿ ಎಷ್ಟು ಅಂತ ನೋಡುತ್ತೇನೆ.

ಸ್ಕ್ಯಾನರ್ ಅಂದರೆ ಎಲ್ಲಾ ಕಾರಿಗೂ ಆಗುವ ಅಗ್ಗದ್ದು ಇಂಜಿನ್ ವಿಷಯ ಮಾತ್ರ ಹೇಳುತ್ತದೆ. ಏರ್‌ಬ್ಯಾಗ್, ಎಬಿಎಸ್, ಗೇರ್‌ಬಾಕ್ಸ್ ಓದಲು ಆಯಾ ಕಂಪನಿಯ ಕಾರಿಗೇ ಮಾಡಿದ ಸಾಫ್ಟ್‌ವೇರ್ ಬೇಕು. ಮತ್ತೆ ಸಾಕೆಟ್ಟೂ ನೋಡಿಕೊಳ್ಳಿ. ಒಬಿಡಿ2, ಅಂದರೆ ಎಲ್ಲಾ ಕಂಪನಿಗೂ ಒಂದೇ ಬಗೆಯ ಸ್ಕ್ಯಾನರ್ ಸಾಕೆಟ್ ಇರುವ ವ್ಯವಸ್ಥೆ, ಅಮೆರಿಕದಲ್ಲಿ 1996ರಿಂದ, ಯುರೋಪಿನಲ್ಲಿ ಪೆಟ್ರೋಲ್ ಕಾರುಗಳಿಗೆ 2001ರಿಂದ ಕಡ್ಡಾಯವಾಯಿತು. ಅದಕ್ಕಿಂತ ಹಳೆಯ ಬಿಎಂಡಬ್ಲ್ಯುಗಳಲ್ಲಿ ಬಾನೆಟ್ ಕೆಳಗೆ 20 ಪಿನ್ನಿನ ದುಂಡು ಸಾಕೆಟ್, ಮರ್ಸಿಡಿಸ್‌ಗಳಲ್ಲಿ 38 ಪಿನ್ನಿನದು ಇರುತ್ತದೆ. ಅಡಾಪ್ಟರ್ ಬೇಕಾಗುತ್ತದೆ.

ಸ್ಕ್ಯಾನರಿನಲ್ಲಿ ದೋಷದ ಕೋಡ್ ಬಂತು ಅಂತ ಅದೇ ಹೆಸರಿನ ಸೆನ್ಸರ್ ತಂದು ಹಾಕುವುದು ದುಡ್ಡು ಕಳೆಯುವ ಸುಲಭ ದಾರಿ. "ಮಿಕ್ಸ್‌ಚರ್ ಲೀನ್" (ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಕಡಿಮೆ) ಅಂತ ಬಂದರೆ ಆಕ್ಸಿಜನ್ ಸೆನ್ಸರ್ ಕೆಟ್ಟಿದೆ ಅಂತ ಅರ್ಥವಲ್ಲ, ಅದು ತಾನು ಕಂಡದ್ದನ್ನು ಹೇಳುತ್ತಿದೆ ಅಷ್ಟೇ. ನಾನು ಫ್ಯೂಯಲ್ ಟ್ರಿಮ್ ನೋಡುತ್ತೇನೆ, ಅಂದರೆ ಕಂಪ್ಯೂಟರ್ ತನ್ನ ಲೆಕ್ಕಕ್ಕಿಂತ ಎಷ್ಟು ಪೆಟ್ರೋಲ್ ಹೆಚ್ಚು ಅಥವಾ ಕಡಿಮೆ ಬಿಡುತ್ತಿದೆ ಅನ್ನುವುದು. ಐಡ್ಲಿಂಗಿನಲ್ಲಿ ಟ್ರಿಮ್ ಶೇಕಡಾ 10ಕ್ಕಿಂತ ಮೇಲಿದ್ದು, 2500 ಆರ್‌ಪಿಎಮ್‌ಗೆ ಏರಿಸಿದಾಗ ಇಳಿದರೆ ಎಲ್ಲೋ ಗಾಳಿ ಕಳ್ಳದಾರಿಯಲ್ಲಿ ಒಳಗೆ ಹೋಗುತ್ತಿದೆ. ಇನ್‌ಟೇಕ್ ಬೂಟ್ (ಇಂಜಿನ್ನಿಗೆ ಗಾಳಿ ಹೋಗುವ ರಬ್ಬರ್ ಕೊಳವೆ) ಬಿರಿದಿರಬಹುದು, ಕ್ರ್ಯಾಂಕ್‌ಕೇಸ್ ಬ್ರೀದರ್ ಪೈಪು ಒಡೆದಿರಬಹುದು, ಡಿಪ್‌ಸ್ಟಿಕ್ಕಿನ ಓರಿಂಗ್ ಕೂಡ ಆಗಿರಬಹುದು. ಅದೇ ಟ್ರಿಮ್ ಜೋರಾಗಿ ಓಡಿಸುವಾಗ ಏರಿದರೆ ಏರ್ ಮಾಸ್ ಸೆನ್ಸರ್ ಅಥವಾ ಪೆಟ್ರೋಲ್ ಪಂಪಿನ ಕಡೆ ನೋಡಬೇಕು. ಮೊದಲ ಬಗೆಯದಕ್ಕೆ ಹೊಗೆ ಬಿಟ್ಟು ನೋಡುವುದು ಎಲ್ಲಕ್ಕಿಂತ ಒಳ್ಳೆಯದು, ಬಿರುಕು ಇದ್ದಲ್ಲಿ ಹೊಗೆ ತಾನೇ ಹೊರಗೆ ಬಂದು ತೋರಿಸುತ್ತದೆ.

ಈಗ ಕರೆಂಟಿನ ವಿಷಯ. ಈ ಕಾರುಗಳಲ್ಲಿ ಕಂಪ್ಯೂಟರುಗಳು ಜಾಸ್ತಿ, ವೋಲ್ಟೇಜ್ ಸ್ವಲ್ಪ ಕಡಿಮೆಯಾದರೂ ಸಂಬಂಧವೇ ಇಲ್ಲದ ಹತ್ತು ದೀಪ ಹೊತ್ತಿಕೊಳ್ಳುತ್ತವೆ. ಹಾಗಾಗಿ ವಿಚಿತ್ರ ತೊಂದರೆ ಬಂದಾಗ ನಾನು ಮೊದಲು ಎತ್ತಿಕೊಳ್ಳುವುದು ಮಲ್ಟಿಮೀಟರ್. ಕಾರು ರಾತ್ರಿಯೆಲ್ಲ ನಿಂತ ಮೇಲೆ ಬ್ಯಾಟರಿಯಲ್ಲಿ 12.6 ವೋಲ್ಟ್ ಆಸುಪಾಸು ಇರಬೇಕು, 12.2 ಇದ್ದರೆ ಅರ್ಧ ಖಾಲಿ. ಇಂಜಿನ್ ಓಡುವಾಗ 14ರ ಹತ್ತಿರ ಬರಬೇಕು. ಇದೆಲ್ಲ ಸರಿಯಿದ್ದರೆ ಅರ್ತಿಂಗ್ ಪಟ್ಟಿ ನೋಡುತ್ತೇನೆ: ಸ್ಟಾರ್ಟ್ ಮಾಡುವಾಗ ಬ್ಯಾಟರಿಯ ಮೈನಸ್ಸಿನಿಂದ ಇಂಜಿನ್ ಬ್ಲಾಕಿಗೆ ಅಳೆದರೆ 0.2 ವೋಲ್ಟಿಗಿಂತ ಜಾಸ್ತಿ ತೋರಿಸಬಾರದು. ತೋರಿಸಿದರೆ ಪಟ್ಟಿ ಬಿಚ್ಚಿ ತುಕ್ಕು ಉಜ್ಜಿ ಹಾಕುವುದು.

ಬೆಳಗಾಗುವಷ್ಟರಲ್ಲಿ ಬ್ಯಾಟರಿ ಖಾಲಿಯಾಗುತ್ತಿದ್ದರೆ ಯಾವುದೋ ಕಂಪ್ಯೂಟರ್ ನಿದ್ದೆ ಮಾಡುತ್ತಿಲ್ಲ ಅಂತ ಲೆಕ್ಕ. ಬಾಗಿಲು ತೆರೆದಿಟ್ಟು, ಅದರ ಲ್ಯಾಚನ್ನು ಸ್ಕ್ರೂಡ್ರೈವರಿನಿಂದ ಒತ್ತಿ ಮುಚ್ಚಿದ ಹಾಗೆ ನಂಬಿಸಿ, ಲಾಕ್ ಮಾಡಿ ಅರ್ಧ ಗಂಟೆ ಕಾರನ್ನು ಮುಟ್ಟಬಾರದು. ಆಮೇಲೆ ಬ್ಯಾಟರಿಯಿಂದ ಹರಿಯುವ ಕರೆಂಟ್ 50 ಮಿಲಿ ಆಂಪಿಯರ್ ಒಳಗೆ ಇರಬೇಕು. ಜಾಸ್ತಿ ಇದ್ದರೆ ಫ್ಯೂಸ್ ಕಿತ್ತು ಕಿತ್ತು ನೋಡುವವರೇ ಹೆಚ್ಚು, ಆದರೆ ಕಿತ್ತು ಮತ್ತೆ ಹಾಕಿದ ಕೂಡಲೇ ಮಲಗಿದ್ದವೆಲ್ಲ ಎದ್ದು ಕೂರುತ್ತವೆ. ಅದರ ಬದಲು ಫ್ಯೂಸಿನ ತಲೆ ಮೇಲಿರುವ ಎರಡು ಲೋಹದ ಚುಕ್ಕಿಗಳ ನಡುವೆ ಮಿಲಿವೋಲ್ಟ್ ಅಳೆಯಿರಿ. ಸೊನ್ನೆ ಬಂದರೆ ಕರೆಂಟ್ ಹರಿಯುತ್ತಿಲ್ಲ. ಏನಾದರೂ ಬಂದ ಫ್ಯೂಸಿನ ಜಾಡು ಹಿಡಿದು ಹೋಗುವುದು. ಬ್ಲೋವರಿನ ರೆಸಿಸ್ಟರ್, ಆರದ ಡಿಕ್ಕಿ ಲೈಟು, ಡಿಕ್ಕಿಯ ಹಿಂಜಿನ ಬಳಿ ಮಡಚಿ ಮಡಚಿ ತುಂಡಾದ ವೈರುಗಳು, ಇವೇ ಹೆಚ್ಚಾಗಿ ಸಿಕ್ಕಿಬೀಳುತ್ತವೆ.

ಸಸ್ಪೆನ್ಷನ್ ಬಗ್ಗೆ ಒಂದೇ ಮಾತು, ಆದರೆ ಗಟ್ಟಿಯಾಗಿ ಹೇಳುತ್ತೇನೆ. ರಬ್ಬರ್ ಬುಶ್ ಇರುವ ಆರ್ಮಿನ (ಚಕ್ರವನ್ನು ಕಾರಿನ ಮೈಗೆ ಜೋಡಿಸುವ ತೋಳಿನ) ಬೋಲ್ಟನ್ನು ಚಕ್ರ ಗಾಳಿಯಲ್ಲಿ ನೇತಾಡುವಾಗ ಪೂರ್ತಿ ಬಿಗಿಮಾಡಬೇಡಿ. ಆ ಸ್ಥಿತಿಯಲ್ಲೇ ಬುಶ್ ಕಚ್ಚಿಕೊಳ್ಳುತ್ತದೆ, ಕಾರು ಕೆಳಗಿಳಿದ ಮೇಲೆ ಯಾವಾಗಲೂ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಕಾರಿನ ಭಾರ ಚಕ್ರದ ಮೇಲೆ ಬಂದ ನಂತರ, ಅಥವಾ ಆರ್ಮನ್ನು ಅದೇ ಎತ್ತರಕ್ಕೆ ಜಾಕಿನಿಂದ ಎತ್ತಿ, ಕೊನೆಯ ಬಿಗಿ ಕೊಡಬೇಕು. ದುಬಾರಿ ಆರ್ಮ್ ಹಾಕಿಸಿದರೂ ಬಾಳಿಕೆ ಬರಲಿಲ್ಲ ಅನ್ನುವವರ ಕಾರಿನಲ್ಲಿ ಹಲವು ಸಲ ಆಗಿರುವುದು ಇದೇ. ಏರ್ ಸಸ್ಪೆನ್ಷನ್ ಆದರೆ ಸೋಪು ನೀರು ಹೊಡೆದು ಗುಳ್ಳೆ ಎಲ್ಲಿ ಬರುತ್ತದೆ ನೋಡಿ. ಲೀಕ್ ಬಿಟ್ಟು ಕಂಪ್ರೆಸರ್ ಮಾತ್ರ ಬದಲಿಸಿದರೆ ಹೊಸದೂ ಬಿಡುವಿಲ್ಲದೆ ಓಡಿ ಸುಟ್ಟುಹೋಗುತ್ತದೆ. ಗಾಳಿಯ ಮೇಲೆ ನಿಂತ ಕಾರಿನ ಕೆಳಗೆ ನುಗ್ಗುವ ಮಾತೇ ಇಲ್ಲ, ಜಾಕ್ ಸ್ಟ್ಯಾಂಡ್ ಇಟ್ಟೇ ಹೋಗಬೇಕು.

ಬಿಡಿಭಾಗ ಕೊಳ್ಳುವಾಗ ಮಾದರಿ ಮತ್ತು ವರ್ಷ ಹೇಳಿದರೆ ಸಾಲದು. ವರ್ಷದ ನಡುವೆಯೇ ಭಾಗಗಳು ಬದಲಾಗಿರುತ್ತವೆ. 17 ಅಕ್ಷರದ ಚಾಸಿ ನಂಬರಿನಿಂದ ಪಾರ್ಟ್ ನಂಬರ್ ತೆಗೆದು, ಆ ನಂಬರನ್ನು ಹುಡುಕುತ್ತೇನೆ. ಮೂಲ ಕಾರಿಗೆ ಕೊಡುತ್ತಿದ್ದ ಬಾಷ್, ಮಾಹ್ಲೆ, ಲೆಮ್‌ಫೋರ್ಡರ್, ಸ್ಯಾಕ್ಸ್ ಮುಂತಾದವರದೇ ಭಾಗ ಎಷ್ಟೋ ಸಲ ಅವರದೇ ಡಬ್ಬಿಯಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ.

ಕೆಲವು ಕೆಲಸ ನಾನು ಮುಟ್ಟುವುದೇ ಇಲ್ಲ. ಏರ್‌ಬ್ಯಾಗ್, ಎಸಿ ಗ್ಯಾಸ್, ಸ್ಪ್ರಿಂಗ್ ಒತ್ತಿ ಬಿಚ್ಚುವುದು, ಇವು ಮೆಕ್ಯಾನಿಕ್ಕಿಗೆ.

ಗೇರ್‌ಬಾಕ್ಸ್ ಆಯಿಲ್ ಮಾತ್ರ ನಾನೇ ಬದಲಿಸುತ್ತೇನೆ. ಕಾರಿನವರು ಲೈಫ್‌ಟೈಮ್ ಅಂತ ಬರೆದಿರುತ್ತಾರೆ, ಆದರೆ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ತಯಾರಿಸುವ ಜೆಡ್‌ಎಫ್ ಕಂಪನಿಯೇ ಹೆಚ್ಚೆಂದರೆ 8 ವರ್ಷಕ್ಕೆ ಬದಲಿಸಿ ಅನ್ನುತ್ತದೆ. ಇಲ್ಲಿ ಮೊದಲು ತುಂಬುವ ಪ್ಲಗ್ ಬಿಚ್ಚಬೇಕು, ಇಳಿಸುವ ಪ್ಲಗ್ ಆಮೇಲೆ. ತುಂಬುವುದು ಕಚ್ಚಿಕೊಂಡು ಬರದೇ ಹೋದರೆ ಹಳೆ ಆಯಿಲ್ ಒಳಗೇ ಇರುತ್ತದೆ, ಕಾರು ಓಡಿಸಿಕೊಂಡಾದರೂ ಹೋಗಬಹುದು. ಲೆವೆಲ್ ನೋಡುವಾಗ ಕಾರು ಸಮತಟ್ಟಾಗಿ ನಿಂತು, ಇಂಜಿನ್ ಓಡುತ್ತಾ, ಆಯಿಲ್ 30ರಿಂದ 50 ಡಿಗ್ರಿ ನಡುವೆ ಇರಬೇಕು. ಅದನ್ನೂ ಸ್ಕ್ಯಾನರಿನಲ್ಲೇ ನೋಡುತ್ತೇನೆ. ಹೆಚ್ಚಾದದ್ದು ತುಂಬುವ ತೂತಿನಿಂದ ಸಣ್ಣ ಎಳೆಯಾಗಿ ಹೊರಗೆ ಬರುವಾಗ ಪ್ಲಗ್ ಹಾಕುವುದು, ಇಂಜಿನ್ ನಿಲ್ಲಿಸುವುದು ಅದರ ಮೇಲೆ.