ಅರವತ್ತರ ನಂತರ ಬೈಕ್ ಮೇಲೆ: ಕಲಬುರಗಿಯಿಂದ ಒಂದು ದಿನದ ಸವಾರಿ

ಭೂಮಾಪಕನಾಗಿ 32 ವರ್ಷ ಸರಪಳಿ ಎಳೆದು ಹೊಲಗಳನ್ನು ಅಳೆದ ನನಗೆ ನಿವೃತ್ತಿಯ ಬಳಿಕ ಉಳಿದಿರುವ ಸರಪಳಿ ಬೈಕಿನದೊಂದೇ. ವಾರಕ್ಕೊಮ್ಮೆ ನಸುಕಿನಲ್ಲಿ ಹೊರಟು ಮಧ್ಯಾಹ್ನದ ಊಟಕ್ಕೆ ಮನೆ ಸೇರುವ ಅಭ್ಯಾಸವನ್ನು ಆರು ವರ್ಷಗಳಿಂದ ಇಟ್ಟುಕೊಂಡಿದ್ದೇನೆ. ಇದನ್ನು ಹೊಸದಾಗಿ ಆರಂಭಿಸಬೇಕೆನ್ನುವ ನನ್ನ ವಯಸ್ಸಿನವರಿಗೆ ಮೊದಲು ಹೇಳಬೇಕಾದ ಮಾತೆಂದರೆ, ಸವಾರಿಯ ದೂರವನ್ನು ಹೋಗುವ ದಾರಿಯಿಂದಲ್ಲ, ಮರಳುವ ದಾರಿಯಿಂದ ಲೆಕ್ಕ ಹಾಕಬೇಕು. ಹೋಗುವಾಗ ಗಾಡಿಯನ್ನು ಹುರುಪು ಓಡಿಸುತ್ತದೆ. ಬರುವಾಗ ಬಿಸಿಲು, ಸೊಂಟ ಮತ್ತು ರಕ್ತದೊತ್ತಡದ ಮಾತ್ರೆ ಮೂರೂ ಸೇರಿ ಓಡಿಸುತ್ತವೆ.

ಗಾಡಿಯ ಆಯ್ಕೆಯಲ್ಲಿ ಮನಸ್ಸಿನ ಮಾತಿಗಿಂತ ಮೊಣಕಾಲಿನ ಮಾತನ್ನು ಕೇಳುವುದು ಒಳ್ಳೆಯದು. ನಿವೃತ್ತಿಯ ಹಣ ಕೈಗೆ ಬಂದಾಗ ನನ್ನ ಗೆಳೆಯರೊಬ್ಬರು, ಹೈಸ್ಕೂಲಿನಲ್ಲಿ ಗಣಿತದ ಮಾಸ್ತರರಾಗಿದ್ದವರು, ಬುಲೆಟ್ ಕೊಂಡರು. ಸುಮಾರು 190 ಕಿಲೋ ತೂಗುವ ಆ ಗಾಡಿ ಓಡುವಾಗ ಆನೆಯಂತೆ ಗಂಭೀರವಾಗಿತ್ತು, ಆದರೆ ಇಳಿಜಾರಿನಲ್ಲಿ ನಿಲ್ಲಿಸಿದಾಗ ಹಿಂದಕ್ಕೆ ತಳ್ಳಲು ಪ್ರತಿ ಸಲವೂ ಇಬ್ಬರು ಹುಡುಗರನ್ನು ಕರೆಯಬೇಕಾಗುತ್ತಿತ್ತು. 100ರಿಂದ 125 ಸಿಸಿಯ, 120 ಕಿಲೋದ ಆಸುಪಾಸಿನ ಗಾಡಿ ನಮಗೆ ಸಾಕು. ಲೈಸೆನ್ಸನ್ನೂ ಒಮ್ಮೆ ತೆಗೆದು ನೋಡಬೇಕು, ಏಕೆಂದರೆ 55 ದಾಟಿದವರಿಗೆ ಅದನ್ನು ಐದೈದು ವರ್ಷಕ್ಕೆ ಮಾತ್ರ ನವೀಕರಿಸಿಕೊಡುತ್ತಾರೆ, ಅದಕ್ಕೆ ನಮೂನೆ 1-ಎ ಎಂಬ ವೈದ್ಯಕೀಯ ಪ್ರಮಾಣಪತ್ರವೂ ಬೇಕು. 15 ವರ್ಷ ದಾಟಿದ ಹಳೆಯ ಗಾಡಿಯಾದರೆ ಅದರ ನೋಂದಣಿಯ ಕಥೆಯೂ ಇಷ್ಟೇ.

ಟೈರುಗಳ ವಿಷಯದಲ್ಲಿ ನಮ್ಮವರು ಹಲ್ಲು ಸವೆದಿದೆಯೇ ಎಂದಷ್ಟೇ ನೋಡುತ್ತಾರೆ. ಕಡಿಮೆ ಓಡಿಸುವ ನಮ್ಮಂಥವರ ಗಾಡಿಯಲ್ಲಿ ಹಲ್ಲು ಹೊಸದರಂತೆಯೇ ಇದ್ದು ರಬ್ಬರು ಮಾತ್ರ ಮುದಿಯಾಗಿರುತ್ತದೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳನ್ನು ಒತ್ತಿರುತ್ತಾರೆ: 2319 ಎಂದಿದ್ದರೆ ಅದು 2019ನೇ ಇಸವಿಯ 23ನೇ ವಾರದಲ್ಲಿ ತಯಾರಾದದ್ದು. ನಮ್ಮ ಬಿಸಿಲಿನಲ್ಲಿ ಐದಾರು ವರ್ಷ ಬೆಂದ ಟೈರನ್ನು, ಬಿರುಕು ಕಾಣದಿದ್ದರೂ, ನಾನು ನಂಬುವುದಿಲ್ಲ. ಗಾಳಿಯನ್ನು ಟೈರು ತಣ್ಣಗಿರುವಾಗಲೇ ನೋಡಬೇಕು, ಓಡಿ ಬಿಸಿಯಾದ ಮೇಲೆ ನೋಡಿದರೆ ಮುಳ್ಳು ಸುಳ್ಳು ಹೇಳುತ್ತದೆ. ಚೈನಿಗೆ 500 ಕಿಲೋಮೀಟರಿಗೊಮ್ಮೆ ಎಣ್ಣೆ ಬೇಕು. ಧೂಳಿನ ದಾರಿಯಾದರೆ ಅದಕ್ಕೂ ಮೊದಲೇ ಬೇಕು.

ಗಾಡಿಯ ಪೆಟ್ಟಿಗೆಯಲ್ಲಿ ಇರಲೇಬೇಕಾದ ಒಂದು ವಸ್ತುವನ್ನು ಯಾವ ಅಂಗಡಿಯವನೂ ಮಾರುವುದಿಲ್ಲ: ನೆಲಕ್ಕೆ ಹಾಸುವ ಫರಸಿ ಕಲ್ಲಿನ ಅಂಗೈ ಅಗಲದ ತುಂಡು. ಎರೆಮಣ್ಣಿನ ಮೇಲೆಯೂ ಬೇಸಿಗೆಯಲ್ಲಿ ಮೆತ್ತಗಾದ ಡಾಂಬರಿನ ಮೇಲೆಯೂ ಸೈಡ್ ಸ್ಟ್ಯಾಂಡ್ ನಿಧಾನವಾಗಿ ಹೂತುಕೊಂಡು, ನೀವು ಚಹಾ ಕುಡಿಯುತ್ತಿರುವಾಗಲೇ ಗಾಡಿ ಮಗ್ಗುಲಾಗುತ್ತದೆ. ಸ್ಟ್ಯಾಂಡಿನ ಕೆಳಗೆ ಈ ತುಂಡನ್ನಿಟ್ಟರೆ ಚಿಂತೆಯಿಲ್ಲ. ಶಹಾಬಾದಿನ ಕಡೆಯವರಿಗೆ ಇದು ಕಾಲಿಗೆ ಎಡವುವ ವಸ್ತು. ಆದರೆ ಅದೇ ಫರಸಿ ಹಾಸಿದ ಢಾಬಾದ ಅಂಗಳ ಮಳೆಯಲ್ಲಿ ನೆನೆದಿದ್ದರೆ ಗಾಡಿಯಿಂದ ಇಳಿದು ತಳ್ಳಿಕೊಂಡು ಹೋಗುವುದೇ ಕ್ಷೇಮ.

ನವೆಂಬರಿನಿಂದ ಫೆಬ್ರವರಿಯವರೆಗೆ ನಮ್ಮ ಕಾಲ. ಆಗ ತೊಗರಿ ಹೊಲಗಳ ನಡುವೆ ತಂಪಾಗಿ ಸಾಗಬಹುದು, ಜೋಳ ಹಾಲುಗಾಳಿಗೆ ಬಂದಾಗ ಪರಿಚಯದವರ ಹೊಲದಲ್ಲಿ ಸೀತನಿ, ಅಂದರೆ ಸುಟ್ಟ ಎಳೆ ಜೋಳದ ಕಾಳು, ಸಿಕ್ಕರೂ ಸಿಗಬಹುದು. ಅದೇ ಕಾಲದಲ್ಲಿ ರೈತರು ರಾಶಿ ಮಾಡಲು ಬೆಳೆಯನ್ನು ರಸ್ತೆಯ ಮೇಲೆಯೇ ಹರಡಿರುತ್ತಾರೆಂಬುದನ್ನು ಮರೆಯಬಾರದು. ಕಾಳು ಮತ್ತು ಹೊಟ್ಟಿನ ಮೇಲೆ ಬ್ರೇಕ್ ಒತ್ತುವುದೆಂದರೆ ಗೋಲಿಗಳ ಮೇಲೆ ಓಡಿದಂತೆ. ದೂರದಿಂದಲೇ ವೇಗ ಇಳಿಸಿ, ಹ್ಯಾಂಡಲ್ ನೇರವಾಗಿಟ್ಟುಕೊಂಡು ದಾಟಬೇಕು. ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ನಾನು ಗಾಡಿಯ ಮೇಲಿನ ಬಟ್ಟೆಯನ್ನೇ ತೆಗೆಯುವುದಿಲ್ಲ.

ಮೊದಲ ಸವಾರಿಗೆ ಮಳಖೇಡ ಸರಿಯಾದ ಊರು. ಸೇಡಂ ರಸ್ತೆಯಲ್ಲಿ ಸುಮಾರು 40 ಕಿಲೋಮೀಟರು ಹೋದರೆ ಕಾಗಿಣಾ ನದಿಯ ದಂಡೆಯಲ್ಲಿ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವಾಗಿದ್ದ ಊರಿನ ಕೋಟೆ, ನೇಮಿನಾಥ ಬಸದಿ ಮತ್ತು ಜಯತೀರ್ಥರ ವೃಂದಾವನ ಇವೆ. ಅಮೋಘವರ್ಷ ನೃಪತುಂಗ ಆಳಿದ ಊರಿನಲ್ಲಿ ಇಂದು ಸಿಮೆಂಟ್ ಕಾರ್ಖಾನೆಗಳ ಲಾರಿಗಳದ್ದೇ ಆಳ್ವಿಕೆಯಾದ್ದರಿಂದ, ಎಂಟು ಗಂಟೆಯೊಳಗೆ ತಲುಪಿ ಹತ್ತರೊಳಗೆ ಹಿಂದಿರುಗುವಂತೆ ಹೊರಡಬೇಕು. ಹೆಲ್ಮೆಟ್ಟಿನ ಗಾಜನ್ನು ಇಳಿಸಿಯೇ ಓಡಿಸಬೇಕು, ಇಲ್ಲವಾದರೆ ಮನೆಗೆ ಬಂದಾಗ ಹುಬ್ಬು ಬೆಳ್ಳಗಾಗಿರುತ್ತದೆ. ನಮ್ಮ ಹುಬ್ಬು ಮೊದಲೇ ಬೆಳ್ಳಗಿರುವುದರಿಂದ ಯಾರೂ ಗುರುತಿಸುವುದಿಲ್ಲ ಎಂಬುದು ಬೇರೆ ಮಾತು.

ಎರಡನೆಯ ಹಂತದಲ್ಲಿ ಭೀಮಾ ತೀರದ ಸನ್ನತಿಗೆ ಹೋಗಬಹುದು. ಅಲ್ಲಿಯ ಚಂದ್ರಲಾಂಬಾ ಗುಡಿಯ ಆವರಣದ ಕಾಳಿಯ ಗುಡಿಯ ಚಾವಣಿ 1986ರಲ್ಲಿ ಕುಸಿದಾಗ ಅಶೋಕನ ಶಾಸನವಿದ್ದ ಕಲ್ಲು ಹೊರಬಂತು. ಪಕ್ಕದ ಕನಗನಹಳ್ಳಿಯ ಬೌದ್ಧ ಸ್ತೂಪದಲ್ಲಿ ಅಶೋಕನ ಉಬ್ಬುಚಿತ್ರವೂ ಅದರ ಮೇಲೆ ಬ್ರಾಹ್ಮಿ ಲಿಪಿಯಲ್ಲಿ 'ರಾಯ ಅಸೋಕೋ' ಎಂಬ ಬರಹವೂ ದೊರೆತವು. ಇಷ್ಟು ಚರಿತ್ರೆಯನ್ನು ತಲೆಯಲ್ಲಿ ತುಂಬಿಕೊಂಡು ಮರಳುವಾಗ ನಾನೊಮ್ಮೆ ಹತ್ತಿರದ ದಾರಿಯೆಂದು, ನಕಾಶೆ ಓದುವ ಹಳೆಯ ಸೊಕ್ಕಿನಿಂದ, ಹೊಲದ ಬಂಡಿದಾರಿ ಹಿಡಿದೆ. ಹಿಂದಿನ ರಾತ್ರಿ ಮಳೆಯಾಗಿತ್ತು. ಎರೆಮಣ್ಣು ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಗಾರೆಯಂತೆ ತುಂಬಿಕೊಂಡು ಗಾಡಿ ನಿಂತಲ್ಲೇ ನಿಂತಿತು. ಕಳೆ ತೆಗೆಯುತ್ತಿದ್ದ ಹೆಣ್ಣುಮಗಳೊಬ್ಬಳು ಕುಡಗೋಲು ಕೊಟ್ಟು, "ಕಾಕಾ, ಮಳಿ ಆದಾಗ ಎರಿಯಾಗ ಎತ್ತೂ ಇಳಿಯಂಗಿಲ್ಲ, ನೀವು ಗಾಡಿ ತಂದೀರಲ್ಲ" ಎಂದಳು. ಮಣ್ಣು ಕೆರೆಯಲು ಒಂದು ಗಂಟೆ ಹಿಡಿಯಿತು. ಮಳೆಗಾಲದಲ್ಲಿ ಡಾಂಬರು ಬಿಟ್ಟು ಒಂದು ಮಾರೂ ಇಳಿಯಬಾರದು ಎಂಬ ನಿಯಮ ಅಂದಿನದು.

ಬೀದರ್ ಹೋಗಿಬರುವುದು 200 ಕಿಲೋಮೀಟರಿಗೆ ಮಿಕ್ಕುವುದರಿಂದ, ಆರು ತಿಂಗಳ ರೂಢಿಯ ನಂತರವೇ ಅದಕ್ಕೆ ಕೈಹಾಕಬೇಕು ಮತ್ತು ಅಂದು ಮಧ್ಯಾಹ್ನದ ಊಟದ ಆಸೆ ಬಿಟ್ಟು, 40 ಕಿಲೋಮೀಟರಿಗೊಮ್ಮೆ ಇಳಿದು ನೀರು ಕುಡಿದು ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತ ಹುಮನಾಬಾದ್ ಮಾರ್ಗವಾಗಿ ಸಾಗಬೇಕು. 1472ರ ಮಹಮೂದ್ ಗಾವಾನನ ಮದರಸಾವನ್ನು ನೋಡಿ ನಾನೂ ಮಾಸ್ತರರೂ ಝರಣಿ ನರಸಿಂಹನ ದರ್ಶನಕ್ಕೆ ಹೋದೆವು. ಅಲ್ಲಿ ಎದೆಮಟ್ಟದ ನೀರಿನಲ್ಲಿ ಬಾವಲಿಗಳ ಕೆಳಗೆ ಗುಹೆಯೊಳಗೆ ನಡೆಯಬೇಕು. ಕೀಲಿ ನೀರಿಗೆ ಬೀಳಬಾರದೆಂದು ಮಾಸ್ತರರು ಎರಡೂ ಗಾಡಿಗಳ ಕೀಲಿಗಳನ್ನು ಪೆಟ್ಟಿಗೆಯಲ್ಲಿಟ್ಟು ಮುಚ್ಚಳ ಒತ್ತಿದರು. ಮುಚ್ಚಿದೊಡನೆ ತಾನೇ ಬೀಗ ಬೀಳುವ ಪೆಟ್ಟಿಗೆ ಅದು. ದರ್ಶನ ಮುಗಿಸಿ ಒದ್ದೆ ಬಟ್ಟೆಯಲ್ಲಿ ನಿಂತವರನ್ನು ಸೈಕಲ್ಲಿನ ಕಡ್ಡಿಯೊಂದರಿಂದ ಪಾರುಮಾಡಿದ ಹುಡುಗನಿಗೆ ಮಾಸ್ತರರು ಹಣದ ಜೊತೆಗೆ ಚೆನ್ನಾಗಿ ಓದೆಂಬ ಉಪದೇಶವನ್ನೂ ಕೊಟ್ಟರು. ಉಪದೇಶ ಯಾರಿಗೆ ಬೇಕಿತ್ತೆಂದು ನಾನು ಕೇಳಲಿಲ್ಲ. ಎರಡನೆಯ ಕೀಲಿಯನ್ನು ಅಂದಿನಿಂದ ಉಡಿದಾರಕ್ಕೆ ಕಟ್ಟಿಕೊಳ್ಳುತ್ತೇನೆ.

ಮನೆಗೆ ಬಂದ ದಿನವೇ ಗಾಡಿ ತೊಳೆಯಬೇಕು. ಒಣಗಿದ ಎರೆ ಮರುದಿನ ಕಲ್ಲಾಗಿರುತ್ತದೆ. ಆಮೇಲೆ ಚೈನಿಗೊಂದು ಎಣ್ಣೆ, ಮೊಣಕಾಲಿಗೊಂದು ಎಣ್ಣೆ. ಈ ಎರಡು ಡಬ್ಬಿಗಳನ್ನು ಬೇರೆ ಬೇರೆ ಗೂಡಿನಲ್ಲಿಡಬೇಕೆಂದು ನಮ್ಮ ಮನೆಯವರು ನಿಯಮ ಮಾಡಿದ್ದಾರೆ, ಅದಕ್ಕೆ ಕಾರಣವಾದ ಲುಂಗಿ ಇನ್ನೂ ಗಾಡಿ ಒರೆಸಲು ಬಳಕೆಯಲ್ಲಿದೆ.